ಮನೆಯಲ್ಲೇ ಕಾರಿನ ಎಂಜಿನ್ ಆಯಿಲ್ ಬದಲಿಸುವುದು

ಹಳೆ ಆಯಿಲ್ ಇಳಿಸಿ ಹೊಸದು ಹಾಕಲು ಮೊದಲ ಸಲ ಒಂದೂವರೆ ಗಂಟೆ ಹಿಡಿಯಬಹುದು. ಆಮೇಲೆ ಮುಕ್ಕಾಲು ಗಂಟೆ ಸಾಕು. ಕೈಕೊಡುವ ಜಾಗಗಳು ಮೂರೇ: ಡ್ರೈನ್ ಬೋಲ್ಟ್ (ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್), ಫಿಲ್ಟರಿನ ರಬ್ಬರ್ ರಿಂಗ್, ಆಯಿಲಿನ ಅಳತೆ. ಉಳಿದದ್ದು ಬರೀ ಕೈ ಮಸಿ ಮಾಡಿಕೊಳ್ಳುವ ಕೆಲಸ. ಇಲ್ಲಿರುವ ಅಂಕಿಗಳು 2018ರಲ್ಲಿ ಬಂದ ಮಾರುತಿ ಸ್ವಿಫ್ಟ್‌ನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನವು. ಬೇರೆ ಕಾರಾದರೆ ಕ್ರಮ ಇದೇ, ಅಂಕಿ ಮಾತ್ರ ನಿಮ್ಮ ಕಾರಿನ ಕೈಪಿಡಿಯದ್ದು. ವಾರಂಟಿ ಇನ್ನೂ ಇರುವ ಕಾರಿಗೆ ಇದನ್ನು ಮನೆಯಲ್ಲಿ ಮಾಡಬೇಡಿ. ನಾಳೆ ಎಂಜಿನ್ ತಕರಾರು ಬಂದರೆ ಸರ್ವೀಸ್ ದಾಖಲೆಯನ್ನೇ ಮೊದಲು ಕೇಳುತ್ತಾರೆ.

ಯಾವಾಗ ಬದಲಿಸಬೇಕು? ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬೆಂಗಳೂರಿನ ಕಾರುಗಳಿಗೆ ಸಾಮಾನ್ಯವಾಗಿ ವರ್ಷದ ಲೆಕ್ಕವೇ ಸರಿ. ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತಿದ್ದನ್ನು ಮೀಟರ್ ಲೆಕ್ಕ ಹಾಕುವುದಿಲ್ಲ, ಆದರೆ ಎಂಜಿನ್ ಅಷ್ಟು ಹೊತ್ತೂ ಓಡುತ್ತಲೇ ಇರುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತವೆ.

ಬೇಕಾದ್ದು: ಫಿಲ್ಟರ್ ಸಮೇತ ಬದಲಿಸಿದರೆ ಸುಮಾರು 3.1 ಲೀಟರ್ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್, 17ರ ರಿಂಗ್ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ಪಟ್ಟಿ ಅಥವಾ ಕಪ್, ಐದು ಲೀಟರ್ ಹಿಡಿಯುವ ಅಗಲವಾದ ಬೋಗುಣಿ, ಆಲಿಕೆ, ಕೈಗವಸು, ಒಂದಷ್ಟು ಬನಿಯನ್ ವೇಸ್ಟ್. ಆಯಿಲಿನ ಗ್ರೇಡ್ ಕೈಪಿಡಿಯಲ್ಲಿ ಇದ್ದದ್ದೇ ಇರಲಿ. ‘ದಪ್ಪ ಆಯಿಲ್ ಹಾಕಿ, ಎಂಜಿನ್ ಸ್ಮೂತ್ ಆಗುತ್ತೆ’ ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ತೆಳು ಆಯಿಲಿಗೆಂದು ಮಾಡಿದ ಎಂಜಿನ್ನಿಗೆ 20ಡಬ್ಲ್ಯು-40ರಂಥ ದಪ್ಪ ಗ್ರೇಡ್ ಸುರಿದರೆ, ಬೆಳಗಿನ ತಣ್ಣನೆ ಸ್ಟಾರ್ಟಿನಲ್ಲಿ ಅದು ಮೇಲಿನವರೆಗೆ ತಲುಪುವುದು ತಡ. ಸವೆತ ಹೆಚ್ಚಾಗುವುದು ಆ ಮೊದಲ ಕೆಲವು ಸೆಕೆಂಡಿನಲ್ಲೇ. ಡಬ್ಬಿಯ ಸೀಲ್ ಒಡೆದಿಲ್ಲವೆಂದು ನೋಡಿಯೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಖಾಲಿ ಡಬ್ಬಿಗೆ ನಕಲಿ ಆಯಿಲ್ ತುಂಬಿ ಮಾರುವ ದಂಧೆ ಹಳೆಯದು.

ಸ್ವಿಫ್ಟ್‌ನ ಹೊಟ್ಟೆ ನೆಲದಿಂದ 163 ಮಿಲಿಮೀಟರ್ ಎತ್ತರದಲ್ಲಿದೆ. ಎತ್ತದೆ ಕೆಳಗೆ ತೂರಿ ಕೈ ಆಡಿಸುವುದು ಕಷ್ಟ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿ. ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಕೈಪಿಡಿ ತೋರಿಸಿದ ಜಾಗದಲ್ಲಿ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಟ್ಟು ಇಳಿಸಿ. ಕಾರನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಿ. ಕಾರಿನ ಜತೆ ಬಂದ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ. ಅದೊಂದನ್ನೇ ನಂಬಿ, ಇಟ್ಟಿಗೆ ಪೇರಿಸಿ ಕೆಳಗೆ ಮಲಗುವುದು ಸಾವಿನ ಜತೆ ಸರಸ. ಸ್ಟ್ಯಾಂಡ್ ಇಲ್ಲವೇ, ಈ ಕೆಲಸ ಇವತ್ತು ಬೇಡ.

ಕಾರು ಎತ್ತುವ ಮೊದಲೇ ಎಂಜಿನ್ನನ್ನು ನಾಲ್ಕೈದು ನಿಮಿಷ ಓಡಿಸಿ ಆಫ್ ಮಾಡಿರಿ. ಬೆಚ್ಚಗಿದ್ದರೆ ಆಯಿಲ್ ತೆಳುವಾಗಿ ಕೊಳೆಯ ಸಮೇತ ಇಳಿಯುತ್ತದೆ. ದೂರ ಓಡಿಸಿ ಬಂದ ಕಾರಾದರೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಕೈ ಸುಡುತ್ತದೆ. ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ, ಗಾಳಿ ಒಳಹೊಕ್ಕು ಆಯಿಲ್ ಸಲೀಸಾಗಿ ಸುರಿಯುತ್ತದೆ.

ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಡ್ರೈನ್ ಬೋಲ್ಟಿಗೆ ರಿಂಗ್ ಸ್ಪ್ಯಾನರನ್ನೇ ಹಾಕಿ. ಓಪನ್ ಸ್ಪ್ಯಾನರ್ ಜಾರಿದರೆ ಮೂಲೆಗಳು ಉರುಟಾಗುತ್ತವೆ. ಮಲಗಿ ನೋಡುವಾಗ ದಿಕ್ಕು ತಲೆಕೆಳಗಾದಂತೆ ಅನಿಸುತ್ತದೆ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುತ್ತಿದ್ದೀರಿ ಎಂದುಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿ. ಕೊನೆಯ ಸುತ್ತುಗಳಲ್ಲಿ ಬೋಲ್ಟನ್ನು ಮೇಲಕ್ಕೆ ಒತ್ತಿಕೊಂಡೇ ಬೆರಳಿನಿಂದ ಬಿಚ್ಚಿ, ಥ್ರೆಡ್ ಮುಗಿಯಿತು ಅನಿಸಿದಾಗ ತಟ್ಟನೆ ಪಕ್ಕಕ್ಕೆ ಎಳೆಯಿರಿ. ಆಯಿಲ್ ಮೊದಲು ಒಂದಡಿ ದೂರಕ್ಕೆ ಚಿಮ್ಮಿ, ರಭಸ ಇಳಿದಂತೆ ಬೋಲ್ಟಿನ ನೇರ ಕೆಳಕ್ಕೆ ಬರುತ್ತದೆ. ಬೋಗುಣಿಯನ್ನು ಅದರ ಹಿಂದೆಯೇ ಸರಿಸಿ. ಹತ್ತು ಹದಿನೈದು ನಿಮಿಷ ತೊಟ್ಟಿಕ್ಕಲಿ.

ಅಷ್ಟರಲ್ಲಿ ಆಯಿಲನ್ನು ನೋಡಿ. ಕಪ್ಪಾಗಿದ್ದರೆ ಗಾಬರಿ ಬೇಡ, ಮಸಿಯನ್ನು ಹೊತ್ತು ತರುವುದೇ ಅದರ ಕೆಲಸ. ಬಿಸಿಲಿನಲ್ಲಿ ಬೆಳ್ಳಿಪುಡಿಯಂತೆ ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ. ಹಾಲು ಬೆರೆಸಿದ ಕಾಫಿಯಂತಿದ್ದರೆ ಎಂಜಿನ್ ತಂಪಾಗಿಸುವ ಕೂಲಂಟ್ ದ್ರವ ಸೇರಿರಬಹುದು. ಎರಡೂ ಮೆಕ್ಯಾನಿಕ್ ನೋಡಬೇಕಾದ ಸಂಗತಿ.

ಫಿಲ್ಟರ್ ಬಿಚ್ಚಿದ ಮೇಲೆ ಅದರ ಹಳೆ ರಬ್ಬರ್ ರಿಂಗ್ ಫಿಲ್ಟರಿನ ಜತೆಗೇ ಬಂದಿದೆಯೇ ನೋಡಿ. ಎಷ್ಟೋ ಸಲ ಅದು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ರಿಂಗಿನ ಮೇಲೆ ರಿಂಗ್ ಕೂತು, ಒತ್ತಡಕ್ಕೆ ಒಂದು ಜಾರಿ, ಆಯಿಲೆಲ್ಲ ನಿಮಿಷಗಳಲ್ಲಿ ರಸ್ತೆಪಾಲು. ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಇನ್ನೂ ಮುಕ್ಕಾಲು ಸುತ್ತು, ಅಷ್ಟೇ.

ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ಮೂರು ನಾಲ್ಕು ಸುತ್ತು ಬೆರಳಿನಲ್ಲೇ. ಬಿಗಿ ಅನಿಸಿದರೆ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ. ಕೊನೆಯ ಬಿಗಿತ 35 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ, 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 18 ಕಿಲೋ ಭಾರದಷ್ಟು ಒತ್ತಡ ಅಂದಾಜು. ಸ್ಪ್ಯಾನರಿಗೆ ಪೈಪ್ ತೊಡಿಸಿ ಜಗ್ಗಿದರೆ ಚೇಂಬರಿನ ಥ್ರೆಡ್ ಕಿತ್ತುಬರುತ್ತದೆ. ಆಯಿಲ್ ಬದಲಿಸಲು ಹೋಗಿ ಚೇಂಬರ್ ಬದಲಿಸುವ ಖರ್ಚು ತಗಲಿಕೊಳ್ಳುವುದು ಹೀಗೆಯೇ.

ಕಾರನ್ನು ನೆಲಕ್ಕಿಳಿಸಿ, ಮೊದಲು 2.7 ಲೀಟರ್ ಹಾಕಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ಕೂಡಲೇ ಆಫ್ ಮಾಡಿ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ, ಟಾರ್ಚ್ ಬಿಟ್ಟು ಬೋಲ್ಟ್, ಫಿಲ್ಟರ್ ಸುತ್ತ ಹನಿ ಇದೆಯೇ ನೋಡಿ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒರೆಸಿ, ಪೂರ್ತಿ ಒಳಗಿಟ್ಟು ತೆಗೆಯಿರಿ. ಮೇಲಿನ ಗುರುತಿನ ಹತ್ತಿರ ಬರುವವರೆಗೆ ನೂರು ನೂರು ಮಿಲಿಲೀಟರ್ ಸೇರಿಸಿ. ‘ಸ್ವಲ್ಪ ಜಾಸ್ತಿ ಇರಲಿ’ ಎನ್ನುವ ಉದಾರತೆ ಬೇಡ. ಗುರುತು ದಾಟಿದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆ ತುಂಬಿದ ಆಯಿಲಿಗೆ ಬೇರಿಂಗ್ ಕಾಯುವ ಒತ್ತಡ ಇರುವುದಿಲ್ಲ.

ಹಳೆ ಆಯಿಲನ್ನು ಖಾಲಿಯಾದ ಹೊಸ ಡಬ್ಬಿಗೇ ತುಂಬಿ, ಫಿಲ್ಟರನ್ನು ಬೋರಲು ಹಾಕಿ ಬಸಿದು, ಎರಡನ್ನೂ ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಅದು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ, ಮೋರಿಗೆ ಸುರಿಯುವಂತಿಲ್ಲ. ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವ ಹಳ್ಳಿ ರೂಢಿಯೂ ಬೇಡ, ಮುಟ್ಟಿದ ಕೈಗೆಲ್ಲ ಅಂಟುವ ವಿಷ ಅದು. ಮಾರನೆಯ ದಿನ ಕಾರು ತೆಗೆಯುವ ಮೊದಲು ಡಿಪ್‌ಸ್ಟಿಕ್ ಇನ್ನೊಮ್ಮೆ ನೋಡಿ, ಕಾರಿನ ಕೆಳಗೆ ರಾತ್ರಿ ಹಾಸಿಟ್ಟ ಹಳೆ ಪೇಪರಿನ ಮೇಲೆ ಕಲೆ ಬಿದ್ದಿದೆಯೇ ಎಂದು ಬಗ್ಗಿ ನೋಡಿ.