ಎದೆನೋವಿಗೆ ಎರಡನೇ ಮಾತ್ರೆ ಸೇರಿದಾಗ: ಯಾವುದನ್ನು ಯಾವಾಗ ನುಂಗಬೇಕು?

ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ಹೀಗೆ ಒಂದೇ ಥರ ಬರುವ ನೋವಿಗೆ ಸ್ಟೇಬಲ್ ಆಂಜೈನಾ ಅನ್ನುತ್ತಾರೆ. ಒಂದು ಮಾತ್ರೆಗೆ ಜಗ್ಗದಿದ್ದರೆ ವೈದ್ಯರು ಇನ್ನೊಂದು ಸೇರಿಸುತ್ತಾರೆ. ನಾನು ಔಷಧ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. "ಮಾತ್ರೆ ಜಾಸ್ತಿ ಆಯ್ತು, ನೋವು ಮಾತ್ರ ಹಾಗೇ ಇದೆ" ಎಂದು ಬರುವವರ ಚೀಟಿ ನೋಡಿದರೆ, ಎಷ್ಟೋ ಸಲ ಮಾತ್ರೆ ಸರಿಯಾಗಿಯೇ ಇರುತ್ತದೆ. ನುಂಗುವ ಹೊತ್ತು ತಪ್ಪಿರುತ್ತದೆ.

1. ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ. ದೊಡ್ಡ ಅಕ್ಷರದ ಕಂಪನಿ ಹೆಸರು ಬಿಡಿ, ಕೆಳಗೆ ಸಣ್ಣದಾಗಿ ಬರೆದಿರುವ ಔಷಧದ ಹೆಸರು ಓದಿ. ಆಸ್ಪಿರಿನ್ ಮತ್ತು ಅಟೊರ್ವಾಸ್ಟಾಟಿನ್ ಹೃದಯಾಘಾತ ತಡೆಯಲು ಕೊಡುವಂಥವು. ಅವುಗಳಿಂದ ನೋವು ಕಡಿಮೆ ಆಗಲಿಲ್ಲ ಅಂತ ನಿಲ್ಲಿಸಬೇಡಿ.

2. ಜೋಡಿ ನೋಡಿ. ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಜೊತೆ ಆಮ್ಲೊಡಿಪಿನ್ ಒಳ್ಳೆಯ ಜೋಡಿ. ಮೊದಲನೆಯದು ಹೃದಯದ ಬಡಿತ ಇಳಿಸುತ್ತದೆ, ಎರಡನೆಯದು ರಕ್ತನಾಳ ಸಡಿಲಿಸುತ್ತದೆ. ಪಾದ ಸ್ವಲ್ಪ ಊದಿಕೊಂಡರೆ ಆಮ್ಲೊಡಿಪಿನ್ ಕಾರಣ ಇರಬಹುದು, ವೈದ್ಯರಿಗೆ ಹೇಳಿ. ಆದರೆ ವೆರಪಾಮಿಲ್ ಅಥವಾ ಡಿಲ್ಟಿಯಾಜೆಮ್ ಮೆಟೊಪ್ರೊಲಾಲ್ ಜೊತೆ ಸೇರಿದರೆ ಬಡಿತ ಅಪಾಯಕ್ಕೆ ಹೋಗುವಷ್ಟು ಇಳಿಯಬಹುದು. ಇಬ್ಬರು ವೈದ್ಯರಿಗೆ ತೋರಿಸಿ, ಎರಡು ಚೀಟಿಯ ಮಾತ್ರೆ ಒಟ್ಟಿಗೆ ನುಂಗುವ ಮನೆಗಳಲ್ಲಿ ಹೀಗಾಗುತ್ತದೆ. ಈ ಜೋಡಿ ಕಂಡರೆ ಅವತ್ತೇ ಫೋನ್ ಮಾಡಿ ಕೇಳಿ.

3. ಬೆಳಿಗ್ಗೆ ಕೂತು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಬೀಟಾ ಬ್ಲಾಕರ್ ಕೊಡುವಾಗ ಸಾಮಾನ್ಯವಾಗಿ 55ರಿಂದ 60ರ ಗುರಿ ಇರುತ್ತದೆ. 50ಕ್ಕಿಂತ ಕೆಳಗಿದ್ದರೆ, ಇಲ್ಲವೇ ತಲೆ ಸುತ್ತಿದರೆ, ವೈದ್ಯರಿಗೆ ತಿಳಿಸಿ. ಈ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ನೋವು ಇನ್ನೂ ಜೋರಾಗಿ ಮರಳಬಹುದು. ಅಸ್ತಮಾ ಇದ್ದರೆ ಮೊದಲೇ ಹೇಳಿರಬೇಕು.

4. ಈಗ ನೈಟ್ರೇಟ್. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಐಸೊಸಾರ್ಬೈಡ್ ಮೊನೊನೈಟ್ರೇಟ್ ಎಂಬ ಮಾತ್ರೆ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಆದರೆ ದಿನದ 24 ಗಂಟೆಯೂ ಅದು ರಕ್ತದಲ್ಲಿದ್ದರೆ ನಾಳಗಳು ಅದಕ್ಕೆ ಒಗ್ಗಿಹೋಗುತ್ತವೆ. ಆಮೇಲೆ ಮಾತ್ರೆ ಇದ್ದೂ ಇಲ್ಲದ ಹಾಗೆ. ಅದಕ್ಕೇ ದಿನಕ್ಕೆ 10ರಿಂದ 14 ಗಂಟೆ ಬಿಡುವು ಬೇಕು.

ಎರಡು ಹೊತ್ತಿನ ಸಾಮಾನ್ಯ ಮಾತ್ರೆಯಾದರೆ ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಇನ್ನೊಂದು. ನಡುವೆ ಏಳೇ ಗಂಟೆ. ಚೀಟಿಯಲ್ಲಿ 1-1-0 ಅಂತ ಇರುತ್ತದೆ, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಇಲ್ಲ. ಬಿಪಿ ಮಾತ್ರೆಯ ರೂಢಿಯಲ್ಲಿ ಜನ ಅದನ್ನು 1-0-1 ಮಾಡಿಕೊಂಡು, ರಾತ್ರಿ ಊಟ ಆದ ಮೇಲೆ ನುಂಗುತ್ತಾರೆ. ಮೊದಲು ಕೆಲ ದಿನ ಹಾಯೆನಿಸುತ್ತದೆ, ಆಮೇಲೆ ನೋವು ಮತ್ತೆ ಶುರು. ನನ್ನ ಮಾತು ಕೇಳಿ: ಎರಡನೆಯದನ್ನು ಮಧ್ಯಾಹ್ನದ ಕಾಫಿಗೆ ಜೋಡಿಸಿ. ಮೊಬೈಲ್ ಅಲಾರಂಗಿಂತ ಕಾಫಿ ಚೆನ್ನಾಗಿ ನೆನಪಿಸುತ್ತದೆ. ಎಸ್‌ಆರ್ (ನಿಧಾನವಾಗಿ ಔಷಧ ಬಿಡುವಂಥದ್ದು) ಎಂದು ಬರೆದ ಮಾತ್ರೆಯಾದರೆ ಬೆಳಿಗ್ಗೆ ಒಂದೇ ಸಲ. ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಚೀಟಿಯಲ್ಲೇ 1-0-1 ಇದ್ದರೆ ನೀವೇ ಬದಲಿಸಬೇಡಿ, "ಬಿಡುವು ಎಷ್ಟು ಹೊತ್ತು ಇರಬೇಕು ಡಾಕ್ಟ್ರೇ?" ಎಂದು ಕೇಳಿ. ರಾತ್ರಿ ನೋವು ಬರುವವರಿಗೆ ಬೇಕೆಂದೇ ಬೇರೆ ಹೊತ್ತು ಬರೆದಿರಬಹುದು.

ಬಿಡುವಿನ ಹೊತ್ತಿನಲ್ಲಿ ನೋವು ಬಂದರೆ? ಜೊತೆಗೆ ಇನ್ನೊಂದು ಮಾತ್ರೆ ಇರುವುದು ಅದಕ್ಕೇ. ನೈಟ್ರೇಟ್ ಇಲ್ಲದ ಹೊತ್ತನ್ನು ಬೀಟಾ ಬ್ಲಾಕರ್ ಕಾಯುತ್ತದೆ. ನೈಟ್ರೇಟ್‌ನಿಂದ ಏರುವ ಬಡಿತವನ್ನೂ ಅದು ಹಿಡಿದಿಡುತ್ತದೆ.

ಮೊದಲ ವಾರ ತಲೆನೋವು ಸಾಮಾನ್ಯ, ಪ್ಯಾರಾಸಿಟಮಾಲ್ ಸಾಕು. ಅದಕ್ಕೆ ಹೆದರಿ ಮಾತ್ರೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಸ್ವಲ್ಪ ತಾಳಿಕೊಳ್ಳಿ, ಹೆಚ್ಚಿನವರಿಗೆ ತಾನೇ ಇಳಿಯುತ್ತದೆ.

ಕೌಂಟರಿನಲ್ಲಿ ಯಾರೂ ಬಾಯಿಬಿಡದ ಒಂದು ವಿಷಯ ಇದೆ. ಸಿಲ್ಡೆನಾಫಿಲ್, ಟಡಲಾಫಿಲ್ ಥರದ ಲೈಂಗಿಕ ಶಕ್ತಿಯ ಮಾತ್ರೆಗಳು ನೈಟ್ರೇಟ್ ಜೊತೆ ಸೇರಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಎದೆನೋವಿಗೇ ಕೊಡುವ ನಿಕೊರಾಂಡಿಲ್ ಎಂಬ ಮಾತ್ರೆಯ ಜೊತೆಗೂ ಅಷ್ಟೇ. ಹೆಸರೇ ಹೇಳದ "ಶಕ್ತಿವರ್ಧಕ" ಪುಡಿ, ಕ್ಯಾಪ್ಸೂಲ್‌ಗಳನ್ನಂತೂ ಮುಟ್ಟಲೇಬೇಡಿ, ಒಳಗೆ ಏನು ಬೆರೆಸಿರುತ್ತಾರೋ ಗೊತ್ತಿರುವುದಿಲ್ಲ. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ.

5. ನಾಲಿಗೆ ಕೆಳಗಿನ ಮಾತ್ರೆ ಜೇಬಿನಲ್ಲೇ ಇರಲಿ. ಜನ ಸಾರ್ಬಿಟ್ರೇಟ್ ಎನ್ನುವ ಮಾತ್ರೆ ಇದು. ನೋವು ಬಂದರೆ ಕೂತುಕೊಳ್ಳಿ, ನಿಂತೇ ಇಟ್ಟುಕೊಂಡರೆ ತಲೆ ಸುತ್ತಿ ಬೀಳಬಹುದು. ನುಂಗಬೇಡಿ, ಕರಗಲು ಬಿಡಿ. ಐದು ನಿಮಿಷದಲ್ಲಿ ಹೋಗದಿದ್ದರೆ ಇನ್ನೊಂದು. ಮತ್ತೆ ಐದು ನಿಮಿಷ ಕಳೆದರೂ ನೋವಿದ್ದರೆ 108ಕ್ಕೆ ಕರೆ ಮಾಡಿ. ಸುಮ್ಮನೆ ಕೂತಾಗಲೇ ನೋವು ಬಂದರೆ, ಅಥವಾ ಎಂದಿಗಿಂತ ಜೋರಾಗಿದ್ದು ಬೆವರು ಸುರಿದರೆ, ಕಾಯಲೇಬೇಡಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಹೊತ್ತು ಕಳೆಯಬೇಡಿ. ಪರ್ಸಿನಲ್ಲಿ ವರ್ಷಗಟ್ಟಲೆ ಇದ್ದು ಪುಡಿಯಾದ ಮಾತ್ರೆ ಎಸೆದು ಹೊಸದು ಇಟ್ಟುಕೊಳ್ಳಿ. ಪಕ್ಕದ ಮನೆಯವರ ಎದೆನೋವಿಗೆ ನಿಮ್ಮ ಮಾತ್ರೆ ಕೊಡಬೇಡಿ, ಅವರ ಬಿಪಿ ಆಗಲೇ ಇಳಿದಿರಬಹುದು.

6. ಎರಡು ವಾರ ಬರೆದಿಡಿ. ನೋವು ಎಷ್ಟು ಗಂಟೆಗೆ ಬಂತು, ಏನು ಮಾಡುತ್ತಿದ್ದಿರಿ, ಮಾತ್ರೆ ಯಾವಾಗ ತಗೊಂಡಿರಿ, ಇಷ್ಟು ಸಾಕು. ಬ್ಲಾಕ್ ಕರಗಿಸುತ್ತದೆ ಎನ್ನುವ ಬೆಳ್ಳುಳ್ಳಿ-ನಿಂಬೆ ಕಷಾಯ ನಂಬಿಕೊಂಡು ಮಾತ್ರೆ ಬಿಟ್ಟಿದ್ದರೆ ಅದನ್ನೂ ಬರೆಯಿರಿ.

ಎರಡು ಮಾತ್ರೆ ಸರಿಯಾದ ಹೊತ್ತಿಗೆ ನುಂಗಿಯೂ ನೋವು ನಿಲ್ಲದಿದ್ದರೆ ಮೂರನೆಯದನ್ನು ಅಂಗಡಿಯಲ್ಲಿ ಕೇಳಬೇಡಿ. ರನೊಲಾಜಿನ್, ಇವಾಬ್ರಡಿನ್ ಅಂಥವು ಇವೆ ನಿಜ. ಆದರೆ ಇವಾಬ್ರಡಿನ್‌ಗೆ ಬಡಿತದ ಲಯ ಸರಿ ಇರಬೇಕು, ಡಿಲ್ಟಿಯಾಜೆಮ್ ಜೊತೆ ಇರಬಾರದು. ರನೊಲಾಜಿನ್ ಕೊಡುವ ಮುಂಚೆ ಇಸಿಜಿ, ಕಿಡ್ನಿ, ಲಿವರ್ ನೋಡುತ್ತಾರೆ. ಈ ಹಂತದಲ್ಲಿ ಆಂಜಿಯೋಗ್ರಾಮ್ ಮಾಡಿಸಬೇಕಾ ಎಂಬ ಮಾತೂ ಬರುತ್ತದೆ. ಆ ಮಾತಿಗೆ ಕೂರುವಾಗ ನಿಮ್ಮ ಎರಡು ವಾರದ ಪುಸ್ತಕವನ್ನೂ ಎಲ್ಲ ಸ್ಟ್ರಿಪ್‌ಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.