ಸಿಸೇರಿಯನ್ ಬೇಕೆಂದು ಮೊದಲೇ ಅನ್ನಿಸಿದರೆ: ವೈದ್ಯರೊಂದಿಗೆ ಮಾತನಾಡುವುದು ಹೇಗೆ?

ಹೆರಿಗೆ ನೋವು ಕಾಣಿಸಿಕೊಳ್ಳುವ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡುವುದು ಎರಡು ಸಂದರ್ಭಗಳಲ್ಲಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ಮಗು ಅಡ್ಡಲಾಗಿ ಮಲಗಿದ್ದರೆ, ಹಿಂದೆ ಒಂದೆರಡು ಸಿಸೇರಿಯನ್ ಆಗಿದ್ದರೆ ವೈದ್ಯರೇ ಅದನ್ನು ಸೂಚಿಸಬಹುದು. ಅಂಥ ಕಾರಣ ಇಲ್ಲದಿದ್ದರೂ ತನಗೆ ಇದೇ ಬೇಕೆಂದು ಗರ್ಭಿಣಿಯೇ ಕೇಳುವುದು ಎರಡನೆಯದು. ಈ ಲೇಖನ ಹಾಗೆ ಕೇಳಬೇಕೆಂದುಕೊಂಡು, ಕೇಳುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿರುವವರಿಗಾಗಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಏಕೆ ಬೇಕೆಂಬುದನ್ನು ಬಿಡಿಸಿ ಹೇಳದಿದ್ದರೆ ವೈದ್ಯರಿಂದ ಸರಿಯಾದ ಉತ್ತರ ಸಿಗುವುದು ಕಷ್ಟ.

ಮೊದಲು ಕಾರಣವನ್ನು ನೀವೇ ಹೇಳಿ

ಮಂಡ್ಯದ ಒಂದು ಕ್ಲಿನಿಕ್‌ನಲ್ಲಿ ನನ್ನ ತಂಗಿಯ ಜೊತೆ ಕುಳಿತಿದ್ದಾಗ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪ್ಲಾಸ್ಟಿಕ್ ಕವರಿನಲ್ಲಿದ್ದ ತಾಯಿ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆ ಕವರಿನ ಅಂಚನ್ನು ಮಡಚುತ್ತಲೇ ಇದ್ದಳು. ‘ಇವಳಿಗೆ ನೋವು ತಡ್ಕೊಳೋ ಶಕ್ತಿ ಇಲ್ಲ ಮೇಡಂ, ಆಪರೇಷನ್ನೇ ಮಾಡ್ಬಿಡಿ’ ಎಂದು ಅವಳ ಅತ್ತೆ ಹೇಳಿದರು. ‘ಅವರೇ ಹೇಳ್ಲಿ ಬಿಡಿ ಅಮ್ಮ’ ಎಂದ ವೈದ್ಯೆ ಪೆನ್ನು ಕೆಳಗಿಟ್ಟು ಕಾದರು. ಸ್ವಲ್ಪ ಹೊತ್ತಿನ ಮೇಲೆ ತಂಗಿ ಬಾಯಿಬಿಟ್ಟಳು: ಮೊದಲ ಹೆರಿಗೆಯಲ್ಲಿ 18 ಗಂಟೆ ನೋವು ತಿಂದದ್ದು, ಕೊನೆಗೆ ವ್ಯಾಕ್ಯೂಮ್ ಹಾಕಿ ಮಗುವನ್ನು ಹೊರತೆಗೆದದ್ದು, ಅಷ್ಟೂ ಹೊತ್ತು ಏನಾಗುತ್ತಿದೆಯೆಂದು ಯಾರೂ ಅವಳಿಗೆ ಒಂದು ಮಾತು ಹೇಳದೇ ಇದ್ದದ್ದು. ಅತ್ತೆಗೆ ಅದುವರೆಗೆ ಇದಾವುದೂ ಗೊತ್ತಿರಲಿಲ್ಲ.

ಕಾರಣ ಬೇರೆಯಾದರೆ ವೈದ್ಯರು ತೋರಿಸಬಹುದಾದ ದಾರಿಯೂ ಬೇರೆಯಾಗುತ್ತದೆ. ನೋವಿನದೇ ಭಯವಾದರೆ, ಬೆನ್ನಿನ ಮೂಲಕ ಔಷಧ ಕೊಟ್ಟು ನೋವು ತಗ್ಗಿಸುವ ಎಪಿಡ್ಯೂರಲ್ ಸೌಲಭ್ಯ ಆ ಆಸ್ಪತ್ರೆಯಲ್ಲಿ ರಾತ್ರಿಯೂ ಇದೆಯೇ ಎಂದು ಕೇಳಬಹುದು. ನಾಗಮಂಗಲದ ಕಡೆಯ ಹಳ್ಳಿಯಿಂದ ನಡುರಾತ್ರಿ ಆಸ್ಪತ್ರೆ ತಲುಪುವುದು ಹೇಗೆಂಬ ಆತಂಕವಾದರೆ, ಕೊನೆಯ ವಾರಗಳಲ್ಲಿ ಪಟ್ಟಣದ ನೆಂಟರ ಮನೆಯಲ್ಲಿ ಉಳಿಯುವುದೇ ಸಾಕಾಗಬಹುದು. ಹಿಂದಿನ ಹೆರಿಗೆಯ ಕಹಿ ಅನುಭವವಾದರೆ, ಹಳೆಯ ಕಾಗದಪತ್ರ ನೋಡಿ ಅಂದು ಏನಾಯಿತು, ಮತ್ತೆ ಹಾಗಾಗುವ ಸಾಧ್ಯತೆ ಎಷ್ಟು ಎಂದು ವೈದ್ಯರು ವಿವರಿಸಬಲ್ಲರು. ಇಷ್ಟನ್ನೂ ಕೇಳಿಸಿಕೊಂಡ ಮೇಲೂ ಸಿಸೇರಿಯನ್ನೇ ಬೇಕೆನಿಸಿದರೆ ಆ ನಿರ್ಧಾರಕ್ಕೆ ಗಟ್ಟಿಯಾದ ಬುಡವಿರುತ್ತದೆ. ನನ್ನ ತಂಗಿ ಹಾಗೆಯೇ ನಿರ್ಧರಿಸಿದಳು, ವೈದ್ಯೆಯೂ ಒಪ್ಪಿದರು.

ಈ ಮಾತನ್ನು ಏಳನೇ ತಿಂಗಳಿಗಿಂತ ತಡಮಾಡಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗುವವರಾದರೆ, 2016ರಿಂದ ಪ್ರತಿ ತಿಂಗಳ 9ರಂದು ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ ಇದನ್ನು ಪ್ರಸ್ತಾಪಿಸಬಹುದು. ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿದ್ದರೆ ಅವರೂ ಜೊತೆಗೆ ಬರುತ್ತಾರೆ.

ಮುಂದೆ ಎಷ್ಟು ಮಕ್ಕಳು?

ಇದು ತೀರ ಖಾಸಗಿ ಪ್ರಶ್ನೆ ಎನಿಸಿದರೂ ವೈದ್ಯರ ಮುಂದೆ ಮುಚ್ಚಿಡಬಾರದು. ಸಿಸೇರಿಯನ್ನಿನ ದೊಡ್ಡ ಅಪಾಯಗಳಲ್ಲಿ ಹಲವು ಕಾಣಿಸಿಕೊಳ್ಳುವುದು ಆ ಹೆರಿಗೆಯಲ್ಲಲ್ಲ, ಅದರ ನಂತರದ ಬಸಿರಿನಲ್ಲಿ. ಗರ್ಭಕೋಶದ ಹಳೆಯ ಗಾಯದ ಮೇಲೆ ಮಾಸು ಅಂಟಿಕೊಂಡು ಬೆಳೆದರೆ ಹೆರಿಗೆಯ ವೇಳೆ ವಿಪರೀತ ರಕ್ತಸ್ರಾವವಾಗಬಹುದು, ಕೆಲವೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಪ್ರತಿ ಸಿಸೇರಿಯನ್ನಿನೊಂದಿಗೆ ಈ ಅಪಾಯ ಏರುತ್ತಾ ಹೋಗುತ್ತದೆ. ಮೂರು ನಾಲ್ಕು ಮಕ್ಕಳು ಬೇಕೆನ್ನುವವರು ಮೊದಲ ಹೆರಿಗೆಯನ್ನೇ ಸಿಸೇರಿಯನ್ ಮಾಡಿಸಿಕೊಳ್ಳುವ ಮುನ್ನ ಹಲವು ಸಲ ಯೋಚಿಸಬೇಕು.

ಇದೇ ಕೊನೆಯ ಮಗು ಎಂದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಅದೇ ಹೊತ್ತಿನಲ್ಲಿ ಮಾಡಿಸಬಹುದು. ಆದರೆ ಆ ತೀರ್ಮಾನವನ್ನು ವಾರಗಳ ಮೊದಲೇ ಮಾಡಿ, ಅದಕ್ಕೆ ಪ್ರತ್ಯೇಕ ಒಪ್ಪಿಗೆ ಕೊಡಬೇಕು. ಆಪರೇಷನ್ ಕೊಠಡಿಯ ಬಾಗಿಲಲ್ಲಿ ನಿಂತು ಮನೆಯವರು ಹೇಳಿದ್ದಕ್ಕೆ ತಲೆಯಾಡಿಸುವ ವಿಷಯ ಇದಲ್ಲ.

ದಿನ ಗೊತ್ತುಮಾಡುವುದು

ಮನೆಗಳಲ್ಲಿ ಹೆಚ್ಚು ವಾದ ನಡೆಯುವುದು ಇದರ ಬಗ್ಗೆಯೇ. ವೈದ್ಯಕೀಯ ಕಾರಣ ಇಲ್ಲದಿದ್ದರೆ 39 ವಾರ ತುಂಬುವ ಮೊದಲು ಸಿಸೇರಿಯನ್ ಮಾಡಬಾರದು. ಹೆರಿಗೆ ನೋವು ಶುರುವಾದಾಗ ಆಗುವ ಬದಲಾವಣೆಗಳು ಮಗುವಿನ ಶ್ವಾಸಕೋಶದಲ್ಲಿರುವ ನೀರು ಇಂಗುವುದಕ್ಕೆ ನೆರವಾಗುತ್ತವೆ. ನೋವೇ ಬಾರದೆ, ಅದೂ ಅವಧಿಗೆ ಮೊದಲೇ ಹೊರತೆಗೆದ ಮಗು ಉಸಿರಾಟಕ್ಕೆ ಕಷ್ಟಪಟ್ಟು, ತಾಯಿಯ ಮಗ್ಗುಲಲ್ಲಿರಬೇಕಾದ ಮೊದಲ ದಿನಗಳನ್ನು ತೀವ್ರ ನಿಗಾ ಘಟಕದಲ್ಲಿ ಕಳೆಯಬೇಕಾಗಬಹುದು.

‘ಒಂಬತ್ತು ತಿಂಗಳು ತುಂಬಿತಲ್ಲ’ ಎಂದು ಹಿರಿಯರು ಹೇಳುವಾಗ ತಿಂಗಳಿಗೆ ನಾಲ್ಕು ವಾರದಂತೆ ಎಣಿಸಿರುತ್ತಾರೆ. ಆ ಲೆಕ್ಕದಲ್ಲಿ ಆಗುವುದು 36 ವಾರ ಮಾತ್ರ. ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ಅಂದಾಜು ದಿನಾಂಕ 40 ವಾರದ್ದು. ಅದಕ್ಕಿಂತ ಏಳು ದಿನ ಹಿಂದಕ್ಕೆ ಎಣಿಸಿದರೆ 39 ವಾರ ತುಂಬಿದ ದಿನ ಸಿಗುತ್ತದೆ. ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದವರು ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ವರದಿಯನ್ನು ತಪ್ಪದೆ ಒಯ್ಯಬೇಕು, ಏಕೆಂದರೆ ಕೊನೆಯ ತಿಂಗಳ ಸ್ಕ್ಯಾನಿಂಗ್‌ಗಿಂತ ಅದರ ಲೆಕ್ಕವೇ ನಂಬಿಕಸ್ಥ.

ನನ್ನ ತಂಗಿಯ ಮನೆಯವರಿಗೆ ಜೋಯಿಸರು ಕೊಟ್ಟ ದಿನ 37ನೇ ವಾರದಲ್ಲಿ ಬಿದ್ದಿತ್ತು. ವೈದ್ಯೆ ಅದಕ್ಕೆ ಸುತರಾಂ ಒಪ್ಪಲಿಲ್ಲ, ಆದರೆ 39 ವಾರ ತುಂಬಿದ ಮೇಲೆ ತಮಗೆ ಅನುಕೂಲವಾದ ಮೂರು ದಿನಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಬನ್ನಿ ಎಂದರು. ನಕ್ಷತ್ರ ನೋಡುವ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಗೊತ್ತುಮಾಡಿದ ದಿನಕ್ಕೆ ಮೊದಲೇ ನೋವು ಬಂದರೆ ಅಥವಾ ನೀರು ಒಡೆದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅಂದೇ ಕೇಳಿ ಬರೆದಿಟ್ಟುಕೊಳ್ಳಿ.

ಆಸ್ಪತ್ರೆ ಮತ್ತು ಖರ್ಚು

ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3 ಸಿಸೇರಿಯನ್ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ, ಸುತ್ತಲ ಊರುಗಳ ತುರ್ತು ಪ್ರಕರಣಗಳೆಲ್ಲ ಬಂದು ಸೇರುವ ಕಡೆ ವೈದ್ಯಕೀಯ ಕಾರಣವಿಲ್ಲದ ಕೋರಿಕೆಗೆ ಒಪ್ಪಿಗೆ ಸಿಗದೇ ಇರಬಹುದು. ಖಾಸಗಿಯಲ್ಲಿ ಎರಡು ನಿಮಿಷದಲ್ಲಿ ಒಪ್ಪಿಬಿಟ್ಟರೆ ನಾನಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುತ್ತೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಿಸೇರಿಯನ್, ಔಷಧ, ರಕ್ತ ಹಾಗೂ ಏಳು ದಿನದವರೆಗಿನ ಊಟ ಉಚಿತ. ಖಾಸಗಿಯಲ್ಲಿ, ಹೇಳಿದ ಮೊತ್ತದಲ್ಲಿ ಅರಿವಳಿಕೆ ತಜ್ಞರ ಶುಲ್ಕ ಸೇರಿದೆಯೇ, ಮಗುವನ್ನು ನಿಗಾ ಘಟಕಕ್ಕೆ ಸೇರಿಸಬೇಕಾದರೆ ದಿನಕ್ಕೆ ಎಷ್ಟು ಎಂದು ಕೇಳಿ.

ಆಪರೇಷನ್ನಿನ ದಿನ

ಸಾಮಾನ್ಯವಾಗಿ ಊಟವನ್ನು ಆರು ಗಂಟೆ ಮೊದಲು, ನೀರನ್ನು ಎರಡು ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಎದೆಯಿಂದ ಕೆಳಗೆ ಮರಗಟ್ಟುತ್ತದೆ. ಎಚ್ಚರವಿರುತ್ತದೆ, ಕೊಯ್ಯುವ ನೋವು ತಿಳಿಯುವುದಿಲ್ಲ, ಆದರೆ ಒಳಗೆ ಎಳೆದಂತೆ, ಒತ್ತಿದಂತೆ ಆಗುವುದು ತಿಳಿಯುತ್ತದೆ. ಇದನ್ನು ಮೊದಲೇ ಬಲ್ಲವರು ಗಾಬರಿಯಾಗುವುದು ಕಡಿಮೆ. ಈ ಇಂಜೆಕ್ಷನ್ನಿನಿಂದ ಜೀವನವಿಡೀ ಸೊಂಟನೋವು ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕೆಲವರಿಗೆ ಒಂದೆರಡು ದಿನದಲ್ಲಿ ತಲೆನೋವು ಬರುವುದುಂಟು. ಬಂದರೆ ಅರಿವಳಿಕೆ ತಜ್ಞರಿಗೆ ತಿಳಿಸಬೇಕು. ಮಗುವನ್ನು ಹೊರತೆಗೆದ ಕೂಡಲೇ ನಿಮ್ಮ ಎದೆಯ ಮೇಲೆ ಮಲಗಿಸುವಂತೆ, ಮೊದಲ ಗಂಟೆಯಲ್ಲೇ ಹಾಲೂಡಿಸಲು ನೆರವಾಗುವಂತೆ ಮುಂಚಿತವಾಗಿ ಕೇಳಿಕೊಳ್ಳಿ. ಆಪರೇಷನ್ ಆದವರಿಗೆ ಹಾಲು ಬರುವುದಿಲ್ಲ ಎಂಬುದು ನಿಜವಲ್ಲ.

ಬಾಣಂತಿಗೆ ನೀರು ಕೊಡಬಾರದು, ಅಲುಗಾಡಿಸಬಾರದು ಎನ್ನುವ ಮನೆಗಳಿಗೆ ಒಂದು ಮಾತು. ಹೆರಿಗೆಯ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಮರುದಿನವೇ ಎದ್ದು ನಡೆಯಬೇಕು, ಬಾಯಾರಿದಷ್ಟು ನೀರು ಕುಡಿಯಬೇಕು. ಜ್ವರ, ಹೊಲಿಗೆಯಲ್ಲಿ ಕೀವು, ಒಂದು ಗಂಟೆಯೊಳಗೆ ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಒಂದು ಮೀನಖಂಡದಲ್ಲಿ ಮಾತ್ರ ಊತ ಮತ್ತು ನೋವು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯಿಂದ ಹೊರಡುವ ಮುನ್ನ ಗರ್ಭಕೋಶವನ್ನು ಅಡ್ಡ ಕೊಯ್ದಿದ್ದಾರೋ ಉದ್ದ ಕೊಯ್ದಿದ್ದಾರೋ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಹೊಟ್ಟೆಯ ಮೇಲಿನ ಗುರುತು ನೋಡಿ ಅದನ್ನು ಹೇಳಲಾಗದು, ಮುಂದಿನ ಬಸಿರಿನಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ತೀರ್ಮಾನಿಸಲು ವೈದ್ಯರು ಮೊದಲು ಕೇಳುವುದೇ ಅದನ್ನು. ತವರಿಗೂ ಗಂಡನ ಮನೆಗೂ ಓಡಾಡುವ ಬಾಣಂತನದಲ್ಲಿ ಇಂಥ ಕಾಗದಗಳು ಎಲ್ಲೋ ಸೇರಿಹೋಗುತ್ತವೆ. ಒಂದು ಫೋಟೊ ತೆಗೆದುಕೊಂಡು, ಮೂಲ ಪ್ರತಿಯನ್ನು ತಾಯಿ ಕಾರ್ಡಿನ ಕವರಿನಲ್ಲೇ ಇಡಿ.