ಬಿಷಪ್ ಬೇಕೋ ಬೇಡವೋ: ಅಮೆರಿಕದ ಕರಪತ್ರ ಸಮರವನ್ನು ನಾನು ಓದುವ ಕ್ರಮ

ಅಮೆರಿಕಕ್ಕೆ ಬಿಷಪ್ಪರನ್ನು ನೇಮಿಸಬೇಕೇ ಎಂದು ಬ್ರಿಟಿಷ್ ಅಮೆರಿಕದಲ್ಲಿ ಆಂಗ್ಲಿಕನ್ನರಿಗೂ (ಬಿಷಪ್ಪರಿರುವ ಇಂಗ್ಲೆಂಡಿನ ಚರ್ಚಿನವರು) ಕಾಂಗ್ರಿಗೇಷನಲ್ ಸಭೆಯವರಿಗೂ (ಬಿಷಪ್ಪರಿಲ್ಲದೆ ಊರೂರ ಸಭೆಯೇ ತನ್ನನ್ನು ನಡೆಸಿಕೊಳ್ಳುವವರು) ನಡೆದ ವಾಗ್ವಾದದಲ್ಲಿ ಒಂದೊಂದು ಕರಪತ್ರವೂ ಇನ್ನೊಂದಕ್ಕೆ ಕೊಟ್ಟ ಉತ್ತರ. ಹಾಗಾಗಿ ನಾನು ಮೊದಲು ಸರಪಳಿ ಜೋಡಿಸಿಕೊಳ್ಳುತ್ತೇನೆ. 1763ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಪಾದ್ರಿ ಈಸ್ಟ್ ಆಪ್‌ಥಾರ್ಪ್ ಆಂಗ್ಲಿಕನ್ ಸುವಾರ್ತಾ ಪ್ರಸಾರ ಸಂಘದ ಪರ ಬರೆದರು. ಅದೇ ವರ್ಷ ಬಾಸ್ಟನ್ನಿನ ಕಾಂಗ್ರಿಗೇಷನಲ್ ಸಭಾಪಾಲಕ ಜೊನಾಥನ್ ಮೇಹ್ಯೂ ತಿರುಗಿಬಿದ್ದರು. 1764ರಲ್ಲಿ ಲಂಡನ್ನಿನಿಂದ ಹೆಸರಿಲ್ಲದ ಉತ್ತರ ಬಂತು. ಬರೆದವರು ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಪಾದ್ರಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಸೆಕರ್. ಇದು ಗೊತ್ತಿಲ್ಲದೆ ಓದಿದರೆ ಆ ಮಾತಿನ ತೂಕವೇ ತಪ್ಪಿಹೋಗುತ್ತದೆ.

ಇವೆಲ್ಲಕ್ಕೂ ಮುಂಚೆ ಸಂಘದ 1701ರ ಸನ್ನದನ್ನು ಓದಿ. ಪಾದ್ರಿಗಳ ಕೊರತೆಯಿರುವ ಕಡೆಗೆಂದು ಕೂಡಿಸಿದ ಹಣವನ್ನು, ಸಭೆಯೂ ಕಾಲೇಜೂ ಆಗಲೇ ಇದ್ದ ಊರಿನಲ್ಲಿ ಸುರಿಯುವುದು ಯಾವ ನ್ಯಾಯ ಎಂಬ ಮೇಹ್ಯೂ ವಾದ ಆ ಸನ್ನದಿನ ಮೇಲೇ ನಿಂತಿದೆ.

ಆಮೇಲೆ ಅಂಚಿನಲ್ಲಿ ಎರಡು ಬಣ್ಣದ ಗುರುತು ಹಾಕುತ್ತೇನೆ. ದೀಕ್ಷೆ (ಪಾದ್ರಿಯಾಗಿ ನೇಮಿಸುವ ವಿಧಿ) ಕೊಡುವ ಹಕ್ಕು ಯಾರದು ಎಂಬುದಕ್ಕೆ ಒಂದು, ತೆರಿಗೆ ಮತ್ತು ನ್ಯಾಯಾಲಯದ ಅಧಿಕಾರಕ್ಕೆ ಇನ್ನೊಂದು. ಅಪೊಸ್ತಲರ ಕೃತ್ಯಗಳು 20ರ 17ನೇ ವಚನದ ಹಿರಿಯರೇ 28ನೇ ವಚನದ ಅಧ್ಯಕ್ಷರು (ಬಿಷಪ್ ಎಂಬ ಪದದ ಮೂಲಾರ್ಥವೇ ಇದು), ಆದ್ದರಿಂದ ಬಿಷಪ್ ಎಂಬ ಮೇಲಿನ ದರ್ಜೆಯೇ ಇಲ್ಲ ಎನ್ನುವ ವಾದ ಮೊದಲ ಬಣ್ಣಕ್ಕೆ ಸೇರುತ್ತದೆ. (1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾದಾಗ ಬಿಡಿಸಬೇಕಾಗಿ ಬಂದದ್ದೂ ಇದೇ ಗಂಟು. ಬಿಷಪ್‌ ಕೈಯಿಂದ ದೀಕ್ಷೆ ಪಡೆಯದಿದ್ದ ಸಭಾಪಾಲಕರನ್ನು ಮರುದೀಕ್ಷೆಯಿಲ್ಲದೆ ಒಪ್ಪಿಕೊಂಡರು.) 1767ರಲ್ಲಿ ಆಂಗ್ಲಿಕನ್ ಪಾದ್ರಿ ಥಾಮಸ್ ಬ್ರ್ಯಾಡ್‌ಬರಿ ಚಾಂಡ್ಲರ್ ಕೇಳಿದ್ದು ಆಧ್ಯಾತ್ಮಿಕ ಅಧಿಕಾರವಷ್ಟೇ ಇರುವ ಬಿಷಪ್ಪರನ್ನು. ಅಮೆರಿಕದಲ್ಲಿ ಬಿಷಪ್ ಇಲ್ಲದ್ದರಿಂದ ಆಂಗ್ಲಿಕನ್ನರು ದೀಕ್ಷೆಗಾಗಿ ಸಮುದ್ರ ದಾಟಬೇಕಿತ್ತು. ಯೇಲ್ ಕಾಲೇಜಿನಲ್ಲಿ ಕಲಿಸುತ್ತಿದ್ದ ಡೇನಿಯಲ್ ಬ್ರೌನ್ 1723ರಲ್ಲಿ ದೀಕ್ಷೆ ಪಡೆದ ಬೆನ್ನಿಗೇ ಲಂಡನ್ನಿನಲ್ಲಿ ಸಿಡುಬಿನಿಂದ ತೀರಿಕೊಂಡರು. 1768ರಲ್ಲಿ ಬಾಸ್ಟನ್ನಿನ ಕಾಂಗ್ರಿಗೇಷನಲ್ ಸಭಾಪಾಲಕ ಚಾರ್ಲ್ಸ್ ಚಾನ್ಸಿ ಕೊಟ್ಟ ಉತ್ತರದಲ್ಲಿ ಎರಡನೇ ಬಣ್ಣವೂ ದಟ್ಟವಾಗಿದೆ: ಇಂದು ಬಿಷಪ್, ನಾಳೆ ಅವರ ಹಿಂದೆಯೇ ತೆರಿಗೆ. ಬಣ್ಣ ಬೇರ್ಪಡಿಸದಿದ್ದರೆ ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದಾರೆಂದು ಮೋಸಹೋಗುತ್ತೇವೆ.

ಪ್ರತಿ ಕರಪತ್ರದ ನೆತ್ತಿಯ ಮೇಲೆ ವಸಾಹತಿನ ಹೆಸರು ಬರೆಯುವುದನ್ನು ಮಾತ್ರ ಬಿಡಬೇಡಿ. ವರ್ಜೀನಿಯಾದಲ್ಲಿ ಆಂಗ್ಲಿಕನ್ ಸಭೆಗೆ ಕಾನೂನಿನ ಬೆಂಬಲವಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ತದ್ವಿರುದ್ಧ: ಊರ ತೆರಿಗೆ ಹೋಗುತ್ತಿದ್ದದ್ದು ಕಾಂಗ್ರಿಗೇಷನಲ್ ಸಭಾಪಾಲಕರಿಗೆ, ಭಿನ್ನಮತದವರು ಆಂಗ್ಲಿಕನ್ನರೇ. ತಮ್ಮ ಚರ್ಚಿನಿಂದ ಐದು ಮೈಲಿಯೊಳಗಿದ್ದ ಆಂಗ್ಲಿಕನ್ನರ ತೆರಿಗೆ ಅವರ ಪಾದ್ರಿಗೇ ಸಲ್ಲುವಂತಾದದ್ದು 1727ರ ಕಾಯಿದೆಯಿಂದ.

ತಾರೀಖಿನ ತೊಡಕೂ ಉಂಟು. 1752ಕ್ಕೆ ಮುಂಚೆ ಇಂಗ್ಲಿಷ್ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಜನವರಿ, ಫೆಬ್ರವರಿಯ ಪತ್ರಗಳಿಗೆ ಎರಡೂ ವರ್ಷ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಉತ್ತರವೇ ಪ್ರಶ್ನೆಗಿಂತ ಮೊದಲು ಬಂದು ಕೂರುತ್ತದೆ.